ಕಲ್ಲಿನಡಿಯ ಹುಳುಗಳು ನುಡಿಯುವ ಸಾಕ್ಷ್ಯ

ಮಳೆಯ ನೀರು ಹರಿದು ಒಂದೇ ಜಲಮೂಲವನ್ನು ಸೇರುವಷ್ಟು ನೆಲವೇ ಅದರ ಜಲಾನಯನ ಪ್ರದೇಶ. ಅಮೆರಿಕದ ಚೆಸಪೀಕ್ ಕೊಲ್ಲಿಯ ಜಲಾನಯನ ಸುಮಾರು 64,000 ಚದರ ಮೈಲಿಯಷ್ಟಿದ್ದು, ಆರು ರಾಜ್ಯಗಳಿಗೂ ವಾಷಿಂಗ್ಟನ್ ನಗರಕ್ಕೂ ಹಬ್ಬಿದೆ. ಆ ನಗರದ ಸುತ್ತಮುತ್ತ ನೆಲೆಸಿದ ಕನ್ನಡಿಗರ ಅಂಗಳದ ನೀರೂ ಕಡೆಗೆ ಸೇರುವುದು ಅಲ್ಲಿಗೇ. ಹುಲ್ಲುಹಾಸಿನ ಗೊಬ್ಬರದಿಂದ ಕೊಚ್ಚಿಹೋದ ಸಾರಜನಕ, ರಂಜಕಗಳು ಕೊಲ್ಲಿಯಲ್ಲಿ ಪಾಚಿಯನ್ನು ಬೆಳೆಸುತ್ತವೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ, ಮೀನು ಏಡಿಗಳು ಉಸಿರುಗಟ್ಟುತ್ತವೆ.

ಈ ಸರಪಳಿಯನ್ನು ಮಕ್ಕಳು ನೀರಿಗಿಳಿದೇ ಅರಿಯಲೆಂದು, ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಈ ಮೂರು ಹಂತಗಳಲ್ಲೂ ಒಮ್ಮೆಯಾದರೂ ಅಂಥ ಅನುಭವ ದೊರೆಯಬೇಕೆಂಬ ಗುರಿಯನ್ನು 2014ರ ಚೆಸಪೀಕ್ ಒಪ್ಪಂದ ಇರಿಸಿಕೊಂಡಿತು.

ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಒಪ್ಪುವ ಪ್ರಯೋಗವೊಂದುಂಟು. ತೊರೆಯು ಕಲ್ಲುಗಳ ಮೇಲೆ ಆಳವಿಲ್ಲದೆ ಬಿರುಸಾಗಿ ಹರಿಯುವೆಡೆ ಒಬ್ಬರು ಬಲೆಯೊಡ್ಡಿ ನಿಲ್ಲುತ್ತಾರೆ; ಇನ್ನೊಬ್ಬರು ತುಸು ಮೇಲ್ಗಡೆ ಕಲ್ಲುಗಳನ್ನು ಕಾಲಿನಿಂದ ಕದಡುತ್ತಾರೆ. ಬಲೆಗೆ ಬಿದ್ದುದನ್ನು ಬಿಳಿಯ ತಟ್ಟೆಯಲ್ಲಿ ಹರವಿ, ಗುರುತಿಸಿ, ಎಣಿಸಿ, ಮರಳಿ ನೀರಿಗೆ ಬಿಡುತ್ತಾರೆ. ಮೇಫ್ಲೈ, ಸ್ಟೋನ್‌ಫ್ಲೈಗಳ ಮರಿಗಳು ಮಾಲಿನ್ಯವನ್ನು ತಾಳಲಾರವು. ಜಿಗಣೆಗಳು ಬಹುಮಟ್ಟಿಗೆ ತಾಳಬಲ್ಲವು. ರಾಸಾಯನಿಕ ಪರೀಕ್ಷೆ ಆ ಗಳಿಗೆಯ ನೀರನ್ನಷ್ಟೇ ಅಳೆಯುತ್ತದೆ. ತಿಂಗಳುಗಟ್ಟಲೆ ಅಲ್ಲೇ ಬಾಳಿದ ಹುಳುಗಳಾದರೋ ಕಳೆದ ಋತುವಿನ ಸಾಕ್ಷ್ಯವನ್ನೂ ನುಡಿಯುತ್ತವೆ.

ಎಣಿಸಿ ಬಸ್ಸು ಹತ್ತಿದರೆ ಅದು ವನಭೋಜನವೇ ಸರಿ. ಸ್ಟೋನ್‌ಫ್ಲೈ ಏಕೆ ಸಿಗಲಿಲ್ಲವೆಂದು ನಕ್ಷೆ ಹಿಡಿದು ಮೇಲ್ಹರಿವಿನತ್ತ ಹುಡುಕಬೇಕು. ಅಲ್ಲಿ ಬೋಳು ದಂಡೆ ಕಂಡರೆ ಮಕ್ಕಳೇ ಸಸಿ ನೆಡುತ್ತಾರೆ: ಬೇರು ಮಣ್ಣನ್ನು ಹಿಡಿಯುತ್ತದೆ, ನೆರಳು ನೀರನ್ನು ತಂಪಾಗಿಡುತ್ತದೆ, ತಂಪು ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ.