ಗೌನಿಪಲ್ಲಿಯಲ್ಲಿ ಹಿಂದಕ್ಕೆ ತಿರುಗುವ ನೆರಳು

ಗೌನಿಪಲ್ಲಿಯ ಹೈಸ್ಕೂಲು ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಲಂಡನ್ನಿನ ನೆರಳು ಗಡಿಯಾರವೊಂದರ ಚಿತ್ರ ನೋಡಿ, ಅದೇ ಅಳತೆಗೆ ರಟ್ಟು ಕತ್ತರಿಸಿ ಶಾಲೆಯ ಅಂಗಳದಲ್ಲಿ ಇಟ್ಟರಂತೆ. ಯಾವ ಹೊತ್ತಿನಲ್ಲೂ ಅದು ಮೇಷ್ಟರ ಕೈಗಡಿಯಾರಕ್ಕೆ ತಾಳೆಯಾಗುತ್ತಿಲ್ಲ. ‘ನಮ್ಮೂರ ಬಿಸಿಲೇ ಸರಿಯಿಲ್ಲವಾ ಸಾರ್?’ ಎಂದು ಕೇಳಿದ್ದಾಳೆ.

ಬಿಸಿಲಿಗೇನೂ ಆಗಿಲ್ಲ ಕಣಮ್ಮ. ನೀವು ಎಡವಿದ ಕಡೆಯಲ್ಲೇ ರೋಮನ್ನರೂ ಎಡವಿದ್ದರು. ಕ್ರಿ.ಪೂ. 263ರಲ್ಲಿ ಅವರು ಸಿಸಿಲಿಯ ಕಟಾನಿಯಾ ಪಟ್ಟಣವನ್ನು ಗೆದ್ದು, ಅಲ್ಲಿನ ನೆರಳು ಗಡಿಯಾರವನ್ನೂ ಕೊಳ್ಳೆಯ ಜತೆ ಹೊತ್ತು ತಂದು ಊರ ಚೌಕದಲ್ಲಿ ನಿಲ್ಲಿಸಿದರು. ಕಟಾನಿಯಾ ಇರುವುದು ರೋಮಿಗಿಂತ ನಾಲ್ಕು ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ. ಗೆರೆಗಳೆಲ್ಲ ಆ ಊರಿನವು. ಆದರೂ ಇಡೀ ರೋಮ್ 99 ವರ್ಷ ಅದನ್ನೇ ನೋಡಿಕೊಂಡು ನಡೆಯಿತು ಎಂದು ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಆಮೇಲೆ ಯಾರೋ ಪುಣ್ಯಾತ್ಮ ರೋಮಿನ ಲೆಕ್ಕಕ್ಕೇ ಒಂದನ್ನು ಮಾಡಿಸಿ ಪಕ್ಕದಲ್ಲಿ ಇಡಿಸಿದ. ನಮ್ಮ ಪಂಚಾಂಗದವರು ಈ ಮಟ್ಟಿಗೆ ಜಾಣರು. ಹನ್ನೆರಡು ಅಂಗುಲದ ಶಂಕು ನೆಟ್ಟು, ಹಗಲು ರಾತ್ರಿ ಸಮವಾಗುವ ದಿನ ನಡುಹಗಲಿನ ನೆರಳನ್ನು ಅಳೆದು ಅದಕ್ಕೆ ಪಲಭಾ ಎಂದರು. ಊರು ಬದಲಾದರೆ ಪಲಭೆಯೂ ಬದಲು. ಗೌನಿಪಲ್ಲಿಗೆ ಅದು ಸುಮಾರು 2.9 ಅಂಗುಲ.

ನೆರಳು ಬೀಳಿಸುವ ಕಡ್ಡಿ ಧ್ರುವ ನಕ್ಷತ್ರದ ಕಡೆ ಮುಖಮಾಡಿರಬೇಕು. ಅಂದರೆ ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಡಿಗ್ರಿ ಅದು ನೆಲದಿಂದ ಮೇಲೇಳಬೇಕು. ಲಂಡನ್ನಿನಲ್ಲಿ 51.5 ಡಿಗ್ರಿ, ಜೈಪುರದಲ್ಲಿ 27, ಗೌನಿಪಲ್ಲಿಯಲ್ಲಿ 13.5ರ ಹತ್ತಿರ. ನಿಮ್ಮ ಕಡ್ಡಿ ಹೆಚ್ಚುಕಡಿಮೆ ಮಲಗಿಯೇ ಇರಬೇಕು! ಮಲಗಿಸಿದರೆ ಇನ್ನೊಂದು ತಾಪತ್ರಯ. ಸಪಾಟು ಹಲಗೆಯ ಮೇಲೆ ಮಧ್ಯಾಹ್ನ ಹನ್ನೆರಡರ ಗೆರೆಗೂ ಒಂದರ ಗೆರೆಗೂ ನಡುವೆ ಸಿಗುವುದು ಮೂರೂವರೆ ಡಿಗ್ರಿ ಮಾತ್ರ, ಸಂಜೆ ಐದರಿಂದ ಆರಕ್ಕೆ 49 ಡಿಗ್ರಿ. ನಡುಹಗಲಿನ ಗಂಟೆಗಳೆಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ.

ರಾಜ ಸವಾಯಿ ಜೈಸಿಂಗ್ ಜೈಪುರದಲ್ಲಿ ಕಟ್ಟಿಸಿದ ಸಾಮ್ರಾಟ್ ಯಂತ್ರವೆಂಬ ನೆರಳು ಗಡಿಯಾರ ಈ ತೊಡಕನ್ನು ಬಿಡಿಸಿದ ರೀತಿ ಸೊಗಸು. 27 ಮೀಟರ್ ಎತ್ತರದ ಓರೆಗೋಡೆಯ ನೆರಳು ಬೀಳುವುದು ನೆಲದ ಮೇಲಲ್ಲ, ಭೂಮಧ್ಯರೇಖೆಯ ಸಮತಲಕ್ಕೆ ಹೊಂದಿಸಿದ ಎರಡು ಬಾಗಿದ ತೋಳುಗಳ ಮೇಲೆ. ಹಾಗಾಗಿ ಪ್ರತಿ ಗಂಟೆಗೂ ಸರಿಯಾಗಿ 15 ಡಿಗ್ರಿ. ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುವುದನ್ನು ಬರಿಗಣ್ಣಿನಲ್ಲಿ ನೋಡಬಹುದು. ನೀವೂ ಅದೇ ಉಪಾಯ ಮಾಡಿ: ರಟ್ಟನ್ನು ಮಲಗಿಸಬೇಡಿ, ನಿಲ್ಲಿಸಿ. ತಲೆಯನ್ನು 13.5 ಡಿಗ್ರಿ ದಕ್ಷಿಣಕ್ಕೆ ವಾಲಿಸಿ, ನಟ್ಟನಡುವೆ ನೇರಕ್ಕೆ ಕಡ್ಡಿ ಚುಚ್ಚಿ, ಎರಡೂ ಮುಖಕ್ಕೆ 15 ಡಿಗ್ರಿಗೊಂದು ಗೆರೆ ಎಳೆಯಿರಿ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ತರದ ಮುಖಕ್ಕೆ ಬಿಸಿಲು, ಉಳಿದ ಆರು ತಿಂಗಳು ದಕ್ಷಿಣದ ಮುಖಕ್ಕೆ.

ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಕಾಲಡಿಗೆ ಬರುತ್ತದೆ ಎಂದು ಓದಿದವರೂ ಹೇಳುತ್ತಾರೆ. ನಿಮ್ಮೂರಲ್ಲಿ ಅದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 26 ಮತ್ತು ಆಗಸ್ಟ್ 17ರ ಆಸುಪಾಸು. ಸೂರ್ಯ ಹೋದ ದಾರಿಯಲ್ಲೇ ವಾಪಸು ಬರುವವನು, ಹಾಗಾಗಿ ಎಲ್ಲವೂ ಎರಡೆರಡು ಸಲ. ಬೆಂಗಳೂರಿನ ಗವಿ ಗಂಗಾಧರೇಶ್ವರನಿಗೆ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಬೀಳುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ನವೆಂಬರ್ ಕೊನೆಯಲ್ಲೂ ಅದೇ ಬಿಸಿಲು ಅದೇ ಲಿಂಗದ ಮೇಲೆ ಬೀಳುತ್ತದೆ ಎಂದು ಜಯಂತ್ ವ್ಯಾಸನಕೆರೆ, ಸುದೀಶ್, ಬಿ.ಎಸ್. ಶೈಲಜಾ ಅವರ ಅಧ್ಯಯನ 2008ರಲ್ಲೇ ತೋರಿಸಿದೆ. ನವೆಂಬರಿನಲ್ಲಿ ಕ್ಯಾಮೆರಾಗಳ ಸಾಲು ಇರುವುದಿಲ್ಲ. ಸಂಕ್ರಾಂತಿಯಂದು ಮೋಡ ಮುಚ್ಚಿದರೆ ನಾಡಿಗೇ ಕೇಡು ಎಂದು ಹೆದರಿಸುವ ಜ್ಯೋತಿಷಿಗಳು ನವೆಂಬರಿನ ಮೋಡದ ಬಗ್ಗೆ ಯಾಕೆ ತುಟಿ ಬಿಚ್ಚುವುದಿಲ್ಲವೋ! ಕಲ್ಲು ಕಡಿದವನ ಲೆಕ್ಕಾಚಾರಕ್ಕೆ ಕೈ ಮುಗಿಯಿರಿ, ನಾನೂ ಮುಗಿಯುತ್ತೇನೆ.

ಇನ್ನು ನನಗೆ ತೀರಾ ಇಷ್ಟವಾದ ಸಂಗತಿ. ಇದನ್ನು ನೋಡಲು ಲಂಡನ್ನಿನವರು ನಿಮ್ಮೂರಿಗೇ ಬರಬೇಕು. ಏಪ್ರಿಲ್ 26ರಿಂದ ಆಗಸ್ಟ್ 17ರವರೆಗೆ ಮಧ್ಯಾಹ್ನದ ಸೂರ್ಯ ನಿಮ್ಮ ನೆತ್ತಿಗಿಂತ ಉತ್ತರದಲ್ಲಿರುತ್ತಾನೆ. ಜೂನ್ 21ರಂದು ಮೋಡವಿಲ್ಲದಿದ್ದರೆ ಅಂಗಳದಲ್ಲಿ ಒಂದು ಮೀಟರ್ ಉದ್ದದ ಗೂಟವನ್ನು ನೆಟ್ಟಗೆ ನೆಡಿ, ಸುತ್ತ ಒಂದು ಮೀಟರ್ ದೂರಕ್ಕೆ ಸೀಮೆಸುಣ್ಣದಲ್ಲಿ ವೃತ್ತ ಎಳೆಯಿರಿ. ಸೂರ್ಯ ಹುಟ್ಟಿದಾಗ ನೆರಳು ಪಶ್ಚಿಮಕ್ಕಿಂತ ಕೊಂಚ ದಕ್ಷಿಣಕ್ಕೆ ಚಾಚಿರುತ್ತದೆ. ವೃತ್ತವನ್ನು ಅದು ಎಲ್ಲಿ ದಾಟುತ್ತದೋ ಅಲ್ಲಿ ಕಾಲು ಗಂಟೆಗೊಮ್ಮೆ ಗುರುತು ಹಾಕುತ್ತಾ ಹೋಗಿ. ಮೊದಲು ಗುರುತುಗಳು ಗಡಿಯಾರದ ಮುಳ್ಳಿನಂತೆ ಪಶ್ಚಿಮದ ಕಡೆಗೆ ಸರಿಯುತ್ತವೆ, ಒಟ್ಟು ಐದು ಡಿಗ್ರಿಯಷ್ಟು, ವೃತ್ತದ ಮೇಲೆ ಎಂಟು ಸೆಂಟಿಮೀಟರ್. ಎಂಟೂವರೆಯ ಸುಮಾರಿಗೆ ನೆರಳು ನಿಂತಂತಾಗುತ್ತದೆ. ಆಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ, ಹಾಕಿದ ಗುರುತುಗಳ ದಿಕ್ಕನ್ನೆಲ್ಲ ದಾಟಿ ದಕ್ಷಿಣಕ್ಕೆ ಹೊರಡುತ್ತದೆ. ಮಧ್ಯಾಹ್ನ ಪೂರ್ತಿ ಗಡಿಯಾರಕ್ಕೆ ವಿರುದ್ಧವಾಗಿಯೇ ನಡೆದು, ಸಂಜೆ ನಾಲ್ಕರ ನಂತರ ಮತ್ತೆ ಮನಸ್ಸು ಬದಲಿಸುತ್ತದೆ. ಗಡಿಯಾರದ ಮುಳ್ಳುಗಳು ಬಲಕ್ಕೆ ತಿರುಗುವುದನ್ನು ಕಲಿತದ್ದು ಉತ್ತರದ ನಾಡುಗಳ ನೆರಳಿನಿಂದ ಎನ್ನುತ್ತಾರೆ. ಗೌನಿಪಲ್ಲಿಯ ಜೂನ್ ತಿಂಗಳಲ್ಲಿ ಕಲಿತಿದ್ದರೆ ಎಡಕ್ಕೆ ತಿರುಗುತ್ತಿದ್ದವೇನೋ. ಧ್ರುವದ ಕಡೆ ಓರೆಯಾದ ಕಡ್ಡಿಗೆ ಈ ಚೆಲ್ಲಾಟವಿಲ್ಲ, ಅದು ವರ್ಷವಿಡೀ ಒಂದೇ ಗೆರೆಗೆ ಒಂದೇ ಗಂಟೆ ತೋರಿಸುತ್ತದೆ.

ಆದರೂ ಅದು ಮೇಷ್ಟರ ಕೈಗಡಿಯಾರಕ್ಕಿಂತ ಹಿಂದೆಯೇ ಇರುತ್ತದೆ. ನಮ್ಮ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ಹೊತ್ತನ್ನು ಹೇಳುತ್ತವೆ, ನೀವಿರುವುದು 78.2ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸರಾಸರಿ 17 ನಿಮಿಷ ತಡ. ಭೂಮಿ ಸೂರ್ಯನನ್ನು ಸುತ್ತುವ ವೇಗವೂ ಒಂದೇ ಸಮ ಇಲ್ಲ, ಅದರ ಅಕ್ಷವೂ ಓರೆ. ಇವೆರಡೂ ಸೇರಿ ಫೆಬ್ರುವರಿ 11ರ ಸುಮಾರಿಗೆ ನೀವು 31 ನಿಮಿಷ ಕೂಡಿಸಬೇಕು, ನವೆಂಬರ್ 3ಕ್ಕೆ ಒಂದೇ ನಿಮಿಷ ಸಾಕು. ರಟ್ಟಿನ ಅಂಚಿನಲ್ಲಿ ತಿಂಗಳುವಾರು ಪಟ್ಟಿ ಬರೆದು ಅಂಟಿಸಿ, ಆಮೇಲೆ ಮೇಷ್ಟರನ್ನು ಕರೆಯಿರಿ.