ಗೋಡೆಯೊಳಗಣ ತಂತಿ

ಬನಶಂಕರಿಯಲ್ಲಿ ಹಳೆಯ ಮನೆಯ ಮೇಲೆ ಮಹಡಿಯೆತ್ತುವ ಗೃಹಸ್ಥರು ಚಿತ್ರ ನೋಡುವುದಕ್ಕೆಂದೇ ಒಂದು ಕೋಣೆಯನ್ನು ಕಟ್ಟಿಸುವುದುಂಟು. ಅಂತಹವರಲ್ಲಿ ನಮ್ಮ ಅರಿಕೆ ಒಂದೇ: ಚಿತ್ರವನ್ನೂ ಶಬ್ದವನ್ನೂ ಒಯ್ಯುವ ಎಚ್‌ಡಿಎಂಐ ಕೇಬಲನ್ನು ಗಾರೆಯಲ್ಲಿ ಹೂಳಿಸತಕ್ಕದ್ದಲ್ಲ.

ತಾಮ್ರದ ತಂತಿಯಲ್ಲಿ ದೂರವು ಹೆಚ್ಚಿದಷ್ಟೂ ಸಂಕೇತವು ಕ್ಷೀಣಿಸುತ್ತದೆ. ವೇಗವು ಹೆಚ್ಚಿದಷ್ಟೂ ಆ ಕ್ಷಯವು ಅಧಿಕ. 2013ರ ಎಚ್‌ಡಿಎಂಐ 2.0 ಕ್ರಮದಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ಇದ್ದ ವೇಗದ ಮಿತಿಯು 2017ರ 2.1 ಕ್ರಮದಲ್ಲಿ 48ಕ್ಕೇರಿತು. ಆದುದರಿಂದ ಹಿಂದೆ ಸಾಲುತ್ತಿದ್ದ 10 ಮೀಟರಿನ ತಂತಿಯು ಇಂದಿನ ಫೋರ್‌ಕೆ ಚಿತ್ರಕ್ಕೆ ಸಾಲದೆ ಹೋಗಬಹುದು. ಆಗ ಚಿತ್ರವು ಮೆಲ್ಲನೆ ಮಸುಕಾಗುವುದಿಲ್ಲ. ಚುಕ್ಕೆಗಳು ಮಿನುಗಿ, ಪರದೆಯೇ ಕಪ್ಪಾಗುತ್ತದೆ.

ಐದಾರು ಮೀಟರಿಗೆ ಮೀರಿದ ದೂರಕ್ಕೆ, ಬೆಳಕಿನ ಮೂಲಕ ಸಂಕೇತವನ್ನೊಯ್ಯುವ ಆಪ್ಟಿಕಲ್ ಕೇಬಲು ಉತ್ತಮ. ಅದಕ್ಕೆ ದಿಕ್ಕುಂಟು, ಪ್ರೊಜೆಕ್ಟರಿನ ತುದಿಯನ್ನು ಪ್ಲೇಯರಿಗೆ ಸೇರಿಸಿದರೆ ಚಿತ್ರ ಬಾರದು. ಗೋಡೆಯಲ್ಲಿ ಪ್ಲಗ್ಗು ನುಸುಳುವಷ್ಟು ಅಗಲವಾದ ಕೊಳವೆಯನ್ನು, ಚೂಪಾದ ತಿರುವಿಲ್ಲದಂತೆ, ಇರಿಸಿ ಅದರೊಳಗೆ ಎಳೆಯಲೊಂದು ದಾರವನ್ನು ಬಿಟ್ಟಿರಬೇಕು. ತೂರಿಸುವ ಮೊದಲು ಕೇಬಲನ್ನು ನೆಲದ ಮೇಲೆ ಹಾಸಿ ಪರೀಕ್ಷಿಸತಕ್ಕದ್ದು.

ಮನೆಯು ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ತಂತಿಯ ಕ್ರಮವು ನಾಲ್ಕೇ ವರ್ಷಗಳಲ್ಲಿ ಬದಲಾದುದನ್ನು ಕಂಡೆವು. ಇಂದು ಕೊಳವೆಗೆ ತಗಲುವ ಅಲ್ಪ ವೆಚ್ಚವನ್ನು ಉಳಿಸಿದರೆ, ಗೋಡೆಯೊಡೆಯುವ ವೆಚ್ಚವು ಮಕ್ಕಳ ಪಾಲಿಗೆ ಬರುತ್ತದೆ.