ಹಳೇ ಒಮ್ನಿಗೆ ಹೊಸ ಡೋರ್ ರಬ್ಬರ್: ಆರಿಸೋದು ಹೇಗೆ, ಕೂರಿಸೋದು ಹೇಗೆ?

ಮಾರುತಿ ಒಮ್ನಿ ತಯಾರಿಕೆ 2019ರಲ್ಲೇ ನಿಂತಿತು. ಆದರೂ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ನಮ್ಮಂಥ ರೈತರ ಮನೆಗಳಲ್ಲಿ ಅದಿನ್ನೂ ದುಡಿಯುತ್ತಿದೆ. ಹಿಂಗಾರು ಮಳೆಯಲ್ಲಿ ರೇಷ್ಮೆ ಗೂಡು ತುಂಬಿಕೊಂಡು ಹೊರಟಾಗ ಬಾಗಿಲ ಸಂದಿಯಿಂದ ನೀರು ಇಳಿದರೆ ಚೀಲ ನೆನೆಯುತ್ತೆ. ನೆಂದ ಗೂಡಿಗೆ ರೇಟು ಬೀಳುತ್ತೆ. ಒಂದು ತಿಂಗಳ ದುಡಿಮೆ ಒಂದು ಹಳೇ ರಬ್ಬರಿನಿಂದ ಹಾಳಾಗಬಾರದು.

ಮೊದಲು ಪರೀಕ್ಷೆ ಮಾಡಿ. ಸಂದಿಯಲ್ಲಿ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ ಅಂತ ಅರ್ಥ. ಬಾಗಿಲೇ ಜೋತುಬಿದ್ದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ಹೊಸ ರಬ್ಬರ್ ಹಾಕಿಯೂ ದಂಡ.

ಅಂಗಡಿಗೆ ಹೋಗುವಾಗ ನಾನು ಹಳೇ ರಬ್ಬರಿನ ನಾಲ್ಕು ಇಂಚು ತುಂಡು ಜೇಬಲ್ಲಿಟ್ಟುಕೊಳ್ತೀನಿ. ಕತ್ತರಿಸಿದ ಬದಿಯ ಆಕಾರ, ತಗಡು ಹಿಡಿಯೋ ಸೀಳಿನ ಅಗಲ, ಉಬ್ಬಿನ ಎತ್ತರ, ಮೂರೂ ಹೊಂದಬೇಕು. ಉಬ್ಬು ದಪ್ಪವಾದರೆ ಬಾಗಿಲು ಲಾಕ್ ಆಗಲ್ಲ, ಸಣ್ಣದಾದರೆ ಸೋರುತ್ತೆ. ಇಪಿಡಿಎಂ ರಬ್ಬರ್ ಕೇಳಿ, ಬಿಸಿಲು ಮಳೆ ತಡೆಯುತ್ತೆ. ಅಗ್ಗದ ಸ್ಪಂಜಿನ ಟೇಪ್ ನೀರು ಹೀರಿಕೊಂಡು ತಗಡಿಗೆ ತುಕ್ಕು ಹಿಡಿಸುತ್ತೆ, ಬೇಡ.

ಕೂರಿಸುವ ಕ್ರಮ:

1. ಹಳೇ ರಬ್ಬರ್, ಗೋಂದು, ಮಣ್ಣು ಎಲ್ಲ ತೆಗೆಯಿರಿ. ತುಕ್ಕಿದ್ದರೆ ಉಜ್ಜಿ ಪ್ರೈಮರ್ ಬಳಿದು ಒಣಗಿಸಿ.
2. ಬಾಗಿಲಿನ ಕೆಳಭಾಗದ ನಡುವಿನಿಂದ ಶುರುಮಾಡಿ. ಜೋಡಣೆ ಮೇಲೆ ಬಂದರೆ ನೀರು ಅಲ್ಲಿಂದಲೇ ಇಳಿಯುತ್ತೆ.
3. ಕೈಯಿಂದ ಒತ್ತುತ್ತಾ ಹೋಗಿ, ಎಳೆಯಬೇಡಿ. ಎಳೆದು ಕೂರಿಸಿದ್ದು ಆಮೇಲೆ ಕುಗ್ಗಿ ಮೂಲೆಯಲ್ಲಿ ಏಳುತ್ತೆ.
4. ಕೊನೆಯಲ್ಲಿ ಅರ್ಧ ಇಂಚು ಹೆಚ್ಚು ಬಿಟ್ಟು ಕತ್ತರಿಸಿ, ಎರಡು ತುದಿ ಒತ್ತಿ ಸೇರಿಸಿ.

ಮೊದಲ ಕೆಲವು ದಿನ ಬಾಗಿಲು ಬಿಗಿಯಾಗಿರೋದು ಸಹಜ. ರಬ್ಬರಿಗೆ ಗ್ರೀಸ್, ಡೀಸೆಲ್, ಎಂಜಿನ್ ಆಯಿಲ್ ಹಚ್ಚಬೇಡಿ, ಉಬ್ಬಿ ಹಾಳಾಗುತ್ತೆ. ಸಿಲಿಕಾನ್ ಸ್ಪ್ರೇ ಸಾಕು.

ಇನ್ನು ಕಿಟಕಿ ಗಾಜು. ಗಾಜಿನ ಪಕ್ಕದಿಂದ ಸ್ವಲ್ಪ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತೆ. ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿವೆ. ನಮ್ಮ ರಸ್ತೆಗಳ ಧೂಳಿಗೆ ಅವು ಮುಚ್ಚಿಕೊಳ್ತವೆ. ತಂತಿಯಿಂದ ಬಿಡಿಸಿ, ಹೊಸ ರಬ್ಬರ್ ಅವನ್ನು ಮುಚ್ಚದಂತೆ ನೋಡಿಕೊಳ್ಳಿ.

ಕೊನೆಗೆ ಒಬ್ಬರನ್ನು ಟಾರ್ಚ್ ಹಿಡಿದು ಒಳಗೆ ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ನಿಧಾನಕ್ಕೆ ಮೇಲೆ ಬನ್ನಿ, ಸೋರುವ ಜಾಗ ತಾನೇ ಗೊತ್ತಾಗುತ್ತೆ. ಈ ಕೆಲಸ ಮಳೆಗೆ ಮುಂಚೆ, ಗೂಡು ಬಿಡಿಸುವ ವಾರಕ್ಕೂ ಮುಂಚೆ ಮುಗಿಸಿಕೊಳ್ಳಿ.